ದೇವಳಾಲಿ ಕ್ಯಾಂಪಿನ ಫೋಟೋ ಅಕ್ಕ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರ ತಂಗಿ ಕೇಳಿಕೊಂಡಿದ್ದಾರೆ. ಬರೆದರೂ ಯಾರಿಗೂ ಗುರುತು ಸಿಗಲಾರದು. ನಾಸಿಕ್ ಬಳಿಯ ಸೈನ್ಯದ ನೆಲೆಯಾದ ದೇವಳಾಲಿ ಕ್ಯಾಂಪಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮರಾಠಿ ಜನ ‘ತಾಈ’ ಎನ್ನುತ್ತಿದ್ದರು, ಅಂದರೆ ಅಕ್ಕ. ತೋಪಖಾನೆಯ ತರಬೇತಿಗೆ ಬಂದ ನಮ್ಮ ಬೀದರ, ಕಲಬುರ್ಗಿ ಕಡೆಯ ಹುಡುಗರು ಅದನ್ನು ‘ತಾಯಿ’ ಎಂದೇ ಕೇಳಿಸಿಕೊಂಡು ಹಾಗೆಯೇ ಕರೆಯುತ್ತಿದ್ದರು. ಅವರು ತಿದ್ದಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ.

ಅವರ ಸ್ಟುಡಿಯೋ ಕ್ಯಾಂಪಿನ ಬಜಾರಿನಲ್ಲಿ ಒಂದು ದರ್ಜಿ ಅಂಗಡಿಯ ಮಗ್ಗುಲಲ್ಲಿತ್ತು. ದರ್ಜಿ ಯೂನಿಫಾರ್ಮ್ ಹೊಲಿಯುತ್ತಿದ್ದ. ಹೊಸ ಬಟ್ಟೆ ತೊಟ್ಟ ಹುಡುಗರು ಅಲ್ಲಿಯ ಕನ್ನಡಿಯಲ್ಲಿ ನೋಡಿಕೊಂಡು, ಅದೇ ಹುರುಪಿನಲ್ಲಿ ಪಕ್ಕದ ಬಾಗಿಲಿಗೆ ಬರುತ್ತಿದ್ದರು. ನಾನು ಮೊದಲ ಸಲ ಹೋದದ್ದು ಮಗಳ ಶಾಲೆಯ ಗುರುತಿನ ಚೀಟಿಗೆ ಫೋಟೋ ತೆಗೆಸಲು. ಹೆಂಡತಿಗೆ ಕ್ಯಾಂಪಿನ ಶಾಲೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲೇ ಮನೆ ಹಿಡಿದಿದ್ದೆವು. ನಾನು ದಿನಾ ನಾಸಿಕ್ ದಾಟಿ ಓಝರ್ ಕಡೆಯ ವಿಮಾನ ಕಾರ್ಖಾನೆಗೆ ಹೋಗಿಬರುತ್ತಿದ್ದೆ. ಲೋಹದ ಬಿಡಿಭಾಗಗಳ ಒಳಗಿನ ಬಿರುಕು ನೋಡುವ ಎಕ್ಸ್‌ರೇ ವಿಭಾಗದಲ್ಲಿ ನಾನು ಟೆಕ್ನಿಷಿಯನ್.

ಮಗಳು ಕ್ಯಾಮೆರಾ ಕಂಡು ಉಸಿರು ಬಿಗಿಹಿಡಿದು ಕೂತಳು. “ಸಾಂಸ್ ಛೋಡ್, ಬೇಟಾ” ಎಂದು ಅಕ್ಕ ಎಷ್ಟು ಹೇಳಿದರೂ ಬಿಡಲಿಲ್ಲ. ನಾನು ತಡೆಯಲಾರದೆ “ಉಸ್ರು ಬಿಡವ್ವಾ” ಅಂದೆ. ಕ್ಯಾಮೆರಾದ ಹಿಂದಿನಿಂದ ಒಂದು ಮುಖ ಹೊರಗೆ ಬಂತು. ದುಂಡು ಮುಖ, ಕನ್ನಡಕ ಹಣೆಯ ಮೇಲೆ.

“ಯಾವೂರ್ರಿ ನಿಮ್ದು?”

“ಸೇಡಂ ಕಡೆ.”

“ನಾವು ಹುಮನಾಬಾದ್ ಕಡೆಯವ್ರು. ಮತ್ತ ಇಷ್ಟೊತ್ತನಾ ಯಾಕ ನನ್ನ ಕೂಡ ಹಿಂದಿ ಬಡದ್ರಿ?”

ಅಂದು ‘ಸಾಹೇಬ್ರ’ ಆಗಿದ್ದವನು ಕೆಲವೇ ವಾರಗಳಲ್ಲಿ ‘ತಮ್ಮಾ’ ಆದೆ. ಆದರೂ ‘ರಿ’ ಬಿಡಲಿಲ್ಲ. “ಬರ್ರಿ ತಮ್ಮಾ, ಕೂಡ್ರಿ ತಮ್ಮಾ” ಎನ್ನುವುದು ಅವರ ರೀತಿ. ಸೀರೆಯ ಮೇಲೆ ತೀರಿಹೋದ ಗಂಡನ ಷರ್ಟು ತೊಟ್ಟುಕೊಳ್ಳುತ್ತಿದ್ದರು. ಸೀರೆಗೆ ಕಿಸೆ ಇಲ್ಲ, ಬ್ಯಾಟರಿ, ಲೆನ್ಸ್ ಒರೆಸುವ ಬಟ್ಟೆ ಎಲ್ಲಿಡಲಿ ಎಂಬುದು ಅವರು ಕೊಡುತ್ತಿದ್ದ ಕಾರಣ. ಷರ್ಟು ಹರಿದಾಗ ಅದೇ ಅಳತೆಯ ಇನ್ನೊಂದನ್ನು ಪಕ್ಕದ ದರ್ಜಿಯಿಂದ ಹೊಲಿಸಿಕೊಂಡರು ಎಂಬುದನ್ನು ಮಾತ್ರ ನಾನು ಬಲ್ಲೆ.

ಉಸಿರು ಬಿಡಿಸುವುದೇ ಅವರ ಕಸುಬಿನ ಅರ್ಧ. ಹೊಸ ಯೂನಿಫಾರ್ಮಿನ ಹುಡುಗ ಕ್ಯಾಮೆರಾ ಮುಂದೆ ಕೂತರೆ ಪರೇಡಿನಲ್ಲಿ ನಿಂತವನಂತೆ ಎದೆ ಉಬ್ಬಿಸುತ್ತಾನೆ, ಕತ್ತಿನ ನರ ಬಿಗಿಯುತ್ತದೆ. ಅಕ್ಕ ಗಡಿಬಿಡಿ ಮಾಡುತ್ತಿರಲಿಲ್ಲ. ಬೆಳಕಿನ ಛತ್ರಿಯನ್ನು ಅತ್ತಿತ್ತ ಸರಿಸುತ್ತ, ಏನೋ ನೆನಪಾದವರಂತೆ “ನಿಮ್ಮವ್ವನ ಹೆಸರೇನಪಾ?” ಎಂದು ಕೇಳುತ್ತಿದ್ದರು. ಹಿಂದಿಯವನಾದರೆ ಹಿಂದಿಯಲ್ಲಿ, ಮರಾಠಿಯವನಾದರೆ ಮರಾಠಿಯಲ್ಲಿ. ಹುಡುಗ ಹೆಸರು ಹೇಳಿದ ಮರುಕ್ಷಣ ಮುಖದ ಬಿಗಿ ಸಡಿಲುತ್ತಿತ್ತು. ಆಗ ಒತ್ತುತ್ತಿದ್ದರು. ಅದೇ ಹೊತ್ತಿಗೆ ಫೈರಿಂಗ್ ಮೈದಾನದಲ್ಲಿ ತೋಪು ಹಾರಿ ಕಿಟಕಿಯ ಗಾಜು ಅದುರಿದರೆ, ಮತ್ತೆ ಮೊದಲಿನಿಂದ ಮಾತು ಶುರು.

ಹೀಗಾಗಿ ಅವರಿಗೆ ಹುಡುಗರ ಹೆಸರು ನೆನಪಿರುತ್ತಿರಲಿಲ್ಲ, ತಾಯಂದಿರ ಹೆಸರು ನೆನಪಿರುತ್ತಿತ್ತು. ಕಂಪ್ಯೂಟರಿನಲ್ಲಿ ಫೋಟೋಗಳಿಗೆ ಕ್ಯಾಮೆರಾ ತಾನೇ ಕೊಟ್ಟ ಅಂಕಿಗಳಷ್ಟೇ ಇದ್ದವು. “ಇಂವ ಗುರಮ್ಮನ ಮಗ. ಇಂವ ಸುನೀತಾದೇವಿ ಮಗ, ಬಿಹಾರದಾಂವ. ಇಂವ ಹೆಸರು ಹೇಳ್ಲಿಲ್ಲ, ಅತ್ತಬಿಟ್ಟ” ಎಂದು ಪರದೆಯ ಮೇಲೆ ಒಂದೊಂದೇ ಮುಖ ಸರಿಸುತ್ತ ಹೇಳುತ್ತಿದ್ದರೆ, ಅಲ್ಲಿ ಕೂತವರಿಗೆ ಇಡೀ ದೇಶದ ಹೆಂಗಸರೆಲ್ಲ ಆ ಕೋಣೆಯಲ್ಲಿ ಬಂದು ಹೋದಂತೆ ಅನಿಸುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಗಂಡ ಇದ್ದಾಗ ಅದು ರೀಲಿನ ಸ್ಟುಡಿಯೋ. ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆಯುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ಗಂಡ ಹೋದ ಮೇಲೆ ಕ್ಯಾಮೆರಾ ಹಿಡಿದರು. ರೀಲು ಸಿಗುವುದು ಕಡಿಮೆಯಾಗುತ್ತ ಬಂದಾಗ ನಾಸಿಕಿನ ಒಬ್ಬ ಮದುವೆ ಫೋಟೋಗ್ರಾಫರನಿಂದ ಬಳಸಿದ ಡಿಜಿಟಲ್ ಕ್ಯಾಮೆರಾ ಕೊಂಡರು. ಮಾರುವಾಗ ಆತ ಒಂದು ವಿಷಯ ಹೇಳಿಕೊಟ್ಟನಂತೆ: ಈ ಕ್ಯಾಮೆರಾದಲ್ಲಿ ಫೋಟೋ ಎರಡು ಬಗೆಯಲ್ಲಿ ಉಳಿಸಬಹುದು. ಒಂದು, ಎಲ್ಲರೂ ಬಳಸುವ ಜೇಪೆಗ್. ಕ್ಯಾಮೆರಾ ತಾನೇ ಬಣ್ಣ ಹದ ಮಾಡಿ, ಬೇಡವೆನಿಸಿದ್ದನ್ನು ಬಿಸಾಕಿ, ಚಿಕ್ಕದು ಮಾಡಿ ಕೊಡುವ ಫೋಟೋ. ಎರಡನೆಯದು ರಾ, ಅಂದರೆ ಕಚ್ಚಾ ಫೈಲು. ಕ್ಯಾಮೆರಾ ಕಂಡ ಬೆಳಕನ್ನೆಲ್ಲ ಹಾಗೆಯೇ ತುಂಬಿಟ್ಟುಕೊಂಡದ್ದು. ಅದನ್ನು ತೆರೆಯಲು ಆ ಕಂಪನಿಯದೇ ಪ್ರೋಗ್ರಾಮ್ ಬೇಕು, ಕೂತು ಹದ ಮಾಡಲು ಪುರುಸೊತ್ತು ಬೇಕು. ಮದುವೆ ಫೋಟೋದವರು ಯಾರೂ ಆ ಗೋಜಿಗೆ ಹೋಗುತ್ತಿರಲಿಲ್ಲ. ಅಕ್ಕ ಮೊದಲ ದಿನದಿಂದಲೂ ಅದನ್ನೇ ಹಿಡಿದರು.

“ಜೇಪೆಗ್ ಅಂದ್ರ ಸುಟ್ಟ ರೊಟ್ಟಿ ತಮ್ಮಾ, ರಾ ಅಂದ್ರ ಜ್ವಾಳ” ಎಂದು ನನಗೆ ವಿವರಿಸಿದ್ದರು. “ರೊಟ್ಟಿ ಆಗಿಂದಾಗ ತಿನ್ನೋರಿಗಿ ಸರಿ. ನನ್ನ ಹತ್ರ ಬರೋ ಹುಡುಗ್ರು ಈಗ ತೆಗೆಸಿ ಮುಂದೆಂದೋ ಕೇಳೋರು. ಜ್ವಾಳ ಇಟ್ಟಿರ್ತೀನಿ, ಬಂದಾಗ ಬಿಸಿ ರೊಟ್ಟಿ ಮಾಡಿ ಕೊಡ್ತೀನಿ.”

ಅವರ ಹಟ ಯಾಕೆಂದು ನನಗೆ ತಿಳಿದದ್ದು ಒಂದು ಭಾನುವಾರ. ಸತಾರಾ ಕಡೆಯ ಒಬ್ಬ ಹವಾಲ್ದಾರನ ಹೆಂಡತಿ ಅಣ್ಣನೊಂದಿಗೆ ಬಂದಿದ್ದಳು. ಗಂಡ ಜೀಪು ಉರುಳಿ ತೀರಿಕೊಂಡಿದ್ದ. ಅವನು ಹಿಂದೆ ಇಲ್ಲಿ ಅಂಗಳದ ಬಿಸಿಲಿನಲ್ಲಿ ನಿಂತು ತೆಗೆಸಿಕೊಂಡ ಒಂದೇ ಒಂದು ದೊಡ್ಡ ಫೋಟೋ ಅವಳ ಕೈಯಲ್ಲಿತ್ತು. ಟೋಪಿಯ ನೆರಳು ಬಿದ್ದು ಹುಬ್ಬಿನಿಂದ ಮೂಗಿನವರೆಗೆ ಕಪ್ಪು. ಮೀಸೆ ಕಾಣುತ್ತಿತ್ತು, ಕಣ್ಣಿರಲಿಲ್ಲ. “ಡೋಳೆ ದಿಸತ್ ನಾಹೀತ್, ತಾಈ” ಎಂದಳು ಅವಳು, ಕಣ್ಣೇ ಕಾಣುವುದಿಲ್ಲ.

ಅಕ್ಕ ಹಳೆಯ ಫೈಲು ಹುಡುಕಿ ತೆಗೆದರು. ಪ್ರೋಗ್ರಾಮಿನಲ್ಲಿ ನೆರಳು ಹೆಚ್ಚು ಕಡಿಮೆ ಮಾಡುವ ಗೀಟನ್ನು ಮೆಲ್ಲಗೆ ಬಲಕ್ಕೆ ಸರಿಸಿದರು. ಕಪ್ಪು ಮೊದಲು ಕಂದಾಯಿತು, ಆಮೇಲೆ ಚರ್ಮವಾಯಿತು, ಅದರೊಳಗಿಂದ ಎರಡು ಕಣ್ಣು ಎದ್ದು ಬಂದವು. ಬಿಸಿಲಿಗೆ ಸ್ವಲ್ಪ ಕಿರಿದು ಮಾಡಿಕೊಂಡ, ನಗುವ ಕಣ್ಣು. ಹೆಂಗಸು ಎದ್ದು ಹೋಗಿ ಪರದೆಯ ಮೇಲೆ ಕೈಯಿಟ್ಟಳು. ಅಕ್ಕ ಅವಳನ್ನು ಸರಿಸಲಿಲ್ಲ. ಹೊರಗೆ ಮೂರು ಹುಡುಗರು ಫೋಟೋಕ್ಕಾಗಿ ಕಾಯುತ್ತಿದ್ದರು. ನಾನು ಅವರಿಗೆ ಚಹಾ ತರಿಸಿ ಕೂರಿಸಿದೆ. ಆ ದಿನ ಅಕ್ಕನ ಮುಖದಲ್ಲಿ ಕಂಡ ಕಳೆಯನ್ನು ಮತ್ತೆ ನೋಡಲಿಲ್ಲ.

ಫೈಲುಗಳನ್ನೆಲ್ಲ ಡಿವಿಡಿಗಳಿಗೆ ತುಂಬಿ ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ದೇವಳಾಲಿಯ ಮಳೆಗಾಲ ಗೊತ್ತಿದ್ದವರಿಗೆ ಅಲ್ಲಿಯ ಬೂಷ್ಟೂ ಗೊತ್ತು. ಅಕ್ಕ ಡಿವಿಡಿಗಳ ನಡುವೆ ಒಣಗಿದ ಬೇವಿನೆಲೆ ಹಾಕಿದ್ದರು.

“ಅಕ್ಕಾರ, ಇವು ರೇಷ್ಮಿ ಸೀರಿ ಅಲ್ರಿ” ಎಂದೆ.

“ಸೀರಿ ಹೋದ್ರ ಇನ್ನೊಂದು ತರಬಹುದು” ಎಂದರು.

ನಮ್ಮ ವಿಭಾಗದಲ್ಲಿ ಎಕ್ಸ್‌ರೇ ಫಿಲ್ಮುಗಳನ್ನು ವಿಮಾನ ಹಾರುವಷ್ಟು ವರ್ಷವೂ ಜೋಪಾನ ಮಾಡಬೇಕು. ತಂಪು ಬೇಕು, ಒಣಹವೆ ಬೇಕು, ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು. ಅದನ್ನು ಹೇಳಿದೆ. ಅಕ್ಕ ಕೇಳಿದರು. ಪ್ರತಿ ಡಿವಿಡಿಗೂ ಜೋಡಿ ಮಾಡಿ, ಔರಂಗಾಬಾದಿನ ತಂಗಿಯ ಮನೆಗೆ ಹೋದಾಗಲೆಲ್ಲ ಒಂದು ಕಟ್ಟು ಒಯ್ದು ಅಲ್ಲಿಟ್ಟರು. ಆದರೆ ನಾನು ಹೇಳಿದ ಇನ್ನೊಂದು ಮಾತನ್ನು ಕೇಳಲಿಲ್ಲ. ಎಲ್ಲ ಫೋಟೋಗಳಿಗೂ ಒಂದೊಂದು ಜೇಪೆಗ್ ಪ್ರತಿ ಮಾಡಿಡಿ, ಅದು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ ಎಂದಿದ್ದೆ.

“ಅರ್ಧ ಮಾರಿ ಎದಕ ತಮ್ಮಾ? ಇಡೋದಾದ್ರ ಪೂರಾ ಇಡಬೇಕು.”

ಇದಾದ ಕೆಲವು ವರ್ಷಗಳಲ್ಲಿ ಅವರ ಕ್ಯಾಮೆರಾ ಮಾಡುತ್ತಿದ್ದ ಕಂಪನಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಆ ಕ್ಯಾಮೆರಾ ಕೆಟ್ಟಾಗ ಬಿಡಿಭಾಗ ಸಿಗದೆ ಅಕ್ಕ ಬೇರೆ ಕಂಪನಿಯದನ್ನು ತಂದರು. ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಹಳೆಯ ಕಂಪ್ಯೂಟರ್ ಸುಟ್ಟಿತು. ಹೊಸ ಕಂಪ್ಯೂಟರಿಗೆ ಹಳೆಯ ಕ್ಯಾಮೆರಾದ ಪ್ರೋಗ್ರಾಮ್ ಹಾಕಲು ಹೋದರೆ ಅದು ಒಪ್ಪಲಿಲ್ಲ. ಹಳೆಯ ಕಚ್ಚಾ ಫೈಲುಗಳು ಡಿವಿಡಿಯಲ್ಲಿದ್ದವು, ತೆರೆಯುವ ದಾರಿ ಇರಲಿಲ್ಲ. ಅಕ್ಕ ಅಷ್ಟೇನೂ ಕಂಗಾಲಾಗಲಿಲ್ಲ. “ಇದ್ದೇ ಇದಾವಲ್ಲ ತಮ್ಮಾ, ಎಲ್ಲಿ ಹೋಗ್ತಾವ? ನೋಡೂಣು” ಎಂದರು. ಹಳೆಯ ಹುಡುಗರನ್ನು ಕೇಳಿಕೊಂಡು ಬಹಳ ದಿನ ಯಾರೂ ಬರಲೂ ಇಲ್ಲ.

ಆಮೇಲೆ ಕಾಶಮ್ಮ ಬಂದರು.

ಭಾಲ್ಕಿ ಕಡೆಯ ಹಳ್ಳಿ. ಜೊತೆಗೆ ಗಂಡ, ಮಾತು ಕಡಿಮೆಯ ಮನುಷ್ಯ, ಬಂದಾಗಿನಿಂದ ಹೋಗುವತನಕ ತಲೆಯ ಪಟಗ ಬಿಚ್ಚಲಿಲ್ಲ. ಅವರ ಹಿರಿಯ ಮಗ ಇಲ್ಲಿ ತರಬೇತಿ ಮುಗಿಸಿ ಗಡಿಗೆ ಹೋಗಿದ್ದ. ಹಿಮ ಕುಸಿದು ಸತ್ತ. ಅವನು ಇಲ್ಲಿಂದ ಹೊರಡುವ ಮುಂಚೆ ಊರಿಗೆ ಫೋನು ಮಾಡಿ, “ಕ್ಯಾಂಪಿನಾಗ ಒಬ್ರು ತಾಯಿ ಇದ್ದಾರ, ಛಂದ ಫೋಟೋ ತೆಗದಾರ, ರಜಾಕ್ಕ ಬರುವಾಗ ತರ್ತೀನಿ” ಎಂದಿದ್ದನಂತೆ. ಪೋಸ್ಟಿಂಗಿನ ಹುಕುಂ ಅವಸರದಲ್ಲಿ ಬಂತು. ಯಾವ ಫೋಟೋ ಪ್ರಿಂಟು ಹಾಕಬೇಕೆಂದು ಆರಿಸಲೂ ಅವನು ಮರಳಿ ಬಂದಿರಲಿಲ್ಲ.

ಅಂದು ಅಕ್ಕ ಹೇಳಿಕಳಿಸಿದ್ದರಿಂದ ನಾನೂ ಅಲ್ಲಿದ್ದೆ. ಬಂದ ಹೆಂಗಸು ಮಗನ ಹೆಸರು, ನಂಬರು ಹೇಳತೊಡಗಿದರೆ ಅಕ್ಕ ನಡುವೆ ತಡೆದು, “ನಿಮ್ಮ ಹೆಸರೇನವ್ವಾ?” ಎಂದು ಕೇಳಿದರು.

“ಕಾಶಮ್ಮ.”

“ಕಾಶಮ್ಮನ ಮಗ!” ಅಕ್ಕನ ದನಿ ಏರಿತು. “ಟೋಪಿ ಹಾಕ್ಕೊಂಡೊಂದು, ತೆಗದೊಂದು ತೆಗಿರಿ ಅಂದ. ನಿಮ್ಮ ಹೆಸರು ಎರಡ ಸಲ ಹೇಳ್ದ, ನಂಗ ಕೇಳಿಸ್ಲಿಲ್ಲಂತ ತಿಳದು.”

ಕಾಶಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕೈಚೀಲದಿಂದ ಒಂದು ಪುಟ್ಟ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಸೈನ್ಯದ ಕಡತದಿಂದ ಕಳಿಸಿದ್ದು. ಭರ್ತಿಯಾದ ದಿನ ತಲೆ ಬೋಳಿಸಿ ತೆಗೆದ ಫೋಟೋ. ಕಣ್ಣು ಅಗಲ, ತುಟಿ ಒಣಗಿದೆ.

“ಇದು ಅದ. ಇದು ನಂಗ ಬ್ಯಾಡ್ರಿ. ಇದರಾಗ ಅಂವ ಅಂಜ್ಯಾನ. ನನ್ನ ಮಗ ಅಂಜುಬುರ್ಕ ಇರ್ಲಿಲ್ಲ. ನೀವು ತೆಗದದ್ದು ಕೊಡ್ರಿ.”

ಅಕ್ಕ ಅವನು ಹೊರಟ ತಿಂಗಳ, ಹಳೆಯ ಕ್ಯಾಮೆರಾದ ಕಾಲದ ಡಿವಿಡಿ ಹುಡುಕಿ ಹಾಕಿದರು. ಫೈಲುಗಳ ಪಟ್ಟಿ ಪರದೆಯ ತುಂಬ ಬಂತು. ಅಂಕಿಗಳು, ಅವುಗಳ ಮುಂದೆ ಬಿಳಿ ಕಾಗದದಂಥ ಖಾಲಿ ಗುರುತು. ಒಂದನ್ನು ಒತ್ತಿದರು. ಈ ಫೈಲನ್ನು ತೆರೆಯಲಾಗದು ಎಂದು ಇಂಗ್ಲಿಷಿನಲ್ಲಿ ಬಂತು. ಮುಂದಿನದು. ಅದೇ ಮಾತು. ಹೀಗೆ ಕೊನೆಯತನಕ ಒತ್ತುತ್ತ ಹೋದರು. ಒಂದರಲ್ಲೂ ಮುಖ ಬರಲಿಲ್ಲ.

“ಅದರಾಗ ಇದ್ದಾನೇನ್ರಿ?” ಕಾಶಮ್ಮ ಕೇಳಿದರು.

“ಇದ್ದಾನವ್ವಾ. ಇದರಾಗೇ ಇದ್ದಾನ.”

“ಮತ್ತ ಯಾಕ ಹೊರಗ ಬರವಲ್ಲ?”

ಅಕ್ಕ ನನ್ನ ಕಡೆ ನೋಡಿದರು. ಪ್ರೋಗ್ರಾಮ್, ಕಂಪನಿ, ಕಂಪ್ಯೂಟರು ಎಂದು ನಾನು ಏನೇನೋ ಹೇಳಿದೆ. ಹೇಳುತ್ತಿರುವಾಗಲೇ ಅದು ಆ ಹೆಂಗಸಿಗೆ ಉತ್ತರವಲ್ಲ ಎಂದು ತಿಳಿಯಿತು. ಆಕೆ ಸುಮ್ಮನೆ ತಲೆಯಾಡಿಸುತ್ತ ಕೂತರು, ಆಸ್ಪತ್ರೆಯಲ್ಲಿ ಡಾಕ್ಟರ ಮಾತು ಕೇಳುವವರ ಹಾಗೆ.

ದಂಪತಿಗಳನ್ನು ಅಕ್ಕ ಮನೆಯಲ್ಲೇ ಇರಿಸಿಕೊಂಡರು. ಅವರಿದ್ದ ದಿನಗಳಲ್ಲಿ ಸ್ಟುಡಿಯೋ ತೆರೆಯಲಿಲ್ಲ. ಡಿವಿಡಿಯನ್ನು ಎದೆಗವಚಿಕೊಂಡು ನಾಸಿಕಿನ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತಿದರು. ಭಾನುವಾರ ನಾನೂ ಜೊತೆಗಿದ್ದೆ. ಒಂದು ಅಂಗಡಿಯ ಯುವಕ ನೋಡಿ, “ಕಾಕೂ, ಈ ಫಾರ್ಮ್ಯಾಟ್ ಸತ್ತುಹೋಗಿದೆ, ಜಾಗ ದಂಡ, ಬಿಸಾಕಿ” ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಅವನಿಗೆ ಏನು ಗೊತ್ತು ಪಾಪ. ಅಕ್ಕ ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಜನ ಸುತ್ತ ಹಾದುಹೋಗುತ್ತಿದ್ದರು. “ನೀವು ಹೇಳಿದ್ರಿ ತಮ್ಮಾ. ಜೇಪೆಗ್ ಮಾಡಿಡ್ರಿ ಅಂದಿದ್ರಿ. ಅರ್ಧ ಮಾರಿ ಆದ್ರೂ ಸಿಗತಿತ್ತಲ್ರಿ ಆ ತಾಯಿಗಿ” ಎಂದರು. ಯಾರಿಗೂ ಆಗ ಇದು ಗೊತ್ತಿರಲಿಲ್ಲ ಎಂದೆ. “ನಿಮಗ ಗೊತ್ತಿತ್ತು” ಎಂದರು.

ಹೊರಡುವ ದಿನ ಕಾಶಮ್ಮ ಕೇಳಿದ್ದು ಒಂದೇ: “ಆ ಬಿಲ್ಲೀನೇ ಕೊಡ್ರಿ. ಅಂವ ಅದರಾಗ ಇದ್ದಾನಂದ್ರ ಅದಾರ ನನ್ನ ಮನ್ಯಾಗ ಇರ್ಲಿ.” ಅಕ್ಕ ಡಿವಿಡಿಯನ್ನು ಹೊಸ ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಅದರ ಜೋಡಿ ಔರಂಗಾಬಾದಿನಲ್ಲಿತ್ತು.

ನಾಸಿಕ್ ರೋಡ್ ಸ್ಟೇಷನ್ನಿನವರೆಗೆ ಕಳಿಸಿಬಂದ ಮೇಲೆ ಅಕ್ಕ ಬದಲಾದರು. ಅಂಗಡಿ ತೆರೆಯುತ್ತಿದ್ದರು. ಹುಡುಗರು ಬರುತ್ತಿದ್ದರು. ಆದರೆ ಅವರು ಯಾರಿಗೂ ತಾಯಿಯ ಹೆಸರು ಕೇಳುತ್ತಿರಲಿಲ್ಲ. ಗದ್ದ ಮೇಲೆ, ಭುಜ ನೇರ, ಕ್ಲಿಕ್. ಐದು ನಿಮಿಷದಲ್ಲಿ ಪ್ರಿಂಟು ಕೈಗಿಟ್ಟು, ಆ ಹುಡುಗನ ಎದುರೇ ಫೈಲನ್ನು ಅಳಿಸಿಬಿಡುತ್ತಿದ್ದರು. “ಇಟ್ಟು ಮಾಡೂದೇನದ” ಎನ್ನುವರು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಔಷಧಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು ನಮಗೆ ತಡವಾಗಿ ತಿಳಿಯಿತು. ನನ್ನ ಹೆಂಡತಿ ಎರಡು ಹೊತ್ತೂ ಹೋಗಿ ಎದುರು ನಿಂತು ಮಾತ್ರೆ ನುಂಗಿಸಿ ಬರುತ್ತಿದ್ದಳು. ಕೊನೆಗೆ ತಂಗಿಯೇ ಬಂದು ಸ್ಟುಡಿಯೋ ಮುಚ್ಚಿಸಿ ಕರೆದೊಯ್ದರು.

ಔರಂಗಾಬಾದಿಗೆ ಇನ್ನೂ ಹೊಸ ಹೆಸರು ಬಂದಿರದ ಆ ದಿನಗಳಲ್ಲಿ ಒಮ್ಮೆ ಅಲ್ಲಿಗೆ ಹೋಗಿ ಅವರನ್ನು ನೋಡಿದೆ. ತಂಗಿಯ ಗಂಡನಿಗೆ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆಯವರೆಲ್ಲ ಒಳ್ಳೆಯವರು, ಅಕ್ಕನನ್ನು ಹೂವಿನಂತೆ ನೋಡಿಕೊಳ್ಳುತ್ತಿದ್ದರು. ಅವರು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಹೊರಗೆ ಕರೆದೊಯ್ದರೆ ಗೆಲುವಾದಾರೆಂದು ತಂಗಿಯ ಜೊತೆ ಸೇರಿ ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೊರಡಿಸಿದೆವು.

ಗುಹೆಗಳ ಮುಂದೆ ರಜೆಯ ದಿನದ ಗದ್ದಲ. ಒಂದು ಎಳೆಯ ಜೋಡಿ, ಹೊಸದಾಗಿ ಮದುವೆಯಾದವರು, ಅಕ್ಕನ ಕೈಗೆ ಮೊಬೈಲು ಕೊಟ್ಟು, “ಕಾಕೂ, ಏಕ್ ಫೋಟೋ ಕಾಢಾ ನಾ” ಎಂದರು. ನಾನು ಮುಂದೆ ಬರುವಷ್ಟರಲ್ಲಿ ಅಕ್ಕ ಫೋನು ಎತ್ತಿ ಹಿಡಿದಾಗಿತ್ತು. ಹುಡುಗಿ ನಾಚಿ ಉಸಿರು ಬಿಗಿಹಿಡಿದಿದ್ದಳು. ಅಕ್ಕ ಬಹಳ ಹೊತ್ತು ನೋಡಿದರು. ಬಾಯಿ ತೆರೆದರು. ಏನೋ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಫೋನನ್ನು ನನ್ನ ಕೈಗಿಟ್ಟು ಆಚೆ ನಡೆದುಹೋದರು. ನಾನು ಹೇಗೋ ಒಂದು ತೆಗೆದುಕೊಟ್ಟೆ.

ಅವರು ಒಂದು ಕಂಬದ ಬುಡದಲ್ಲಿ ಕೂತು ಎದುರಿನ ಶಿಲ್ಪಗಳ ಸಾಲು ನೋಡುತ್ತಿದ್ದರು. “ಕೈ ಅದಾವ, ಕಾಲ ಅದಾವ, ಉಡದಾರಸುದ್ದಾ ಅದ. ಇಲ್ಲೂ ಮಾರಿನೇ ಮೊದಲು ಹೋಗ್ಯಾವ ನೋಡ್ರಿ ತಮ್ಮಾ” ಎಂದರು. ಅವರು ನನ್ನೊಂದಿಗೆ ಆಡಿದ ಕೊನೆಯ ಪೂರ್ತಿ ಮಾತು ಅದು. ಮರಳುವಾಗ ಗಾಡಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿರಲಿಲ್ಲ.

ಅವರು ಹೋದ ಸುದ್ದಿ ಬಂದಾಗ ನಾನು ಕೆಲಸದಿಂದ ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಮೂತ್ರಪಿಂಡ ಸೋತಿತ್ತು, ಡಯಾಲಿಸಿಸ್ ಬೇಡವೆಂದರಂತೆ. ಕಾರ್ಯವೆಲ್ಲ ಮುಗಿದ ಮೇಲೆ ತಂಗಿ ನನ್ನನ್ನು ಒಳಗೆ ಕರೆದು, “ಅಣ್ಣಾರ, ಇವು ಏನು ಮಾಡ್ಲಿ?” ಎಂದು ಮಂಚದ ಕೆಳಗಿನ ಟ್ರಂಕು ತೋರಿಸಿದರು. ನಾನು ಅದನ್ನು ನಾಸಿಕಿಗೆ ತಂದೆ.

ಆ ಹೊತ್ತಿಗೆ ಕಾಲ ಬದಲಾಗಿತ್ತು. ನಿಂತುಹೋದ ಕ್ಯಾಮೆರಾಗಳ ಕಚ್ಚಾ ಫೈಲುಗಳನ್ನೂ ತೆರೆಯಬಲ್ಲ ಉಚಿತ ಪ್ರೋಗ್ರಾಮುಗಳನ್ನು ಯಾವ ಯಾವ ದೇಶದಲ್ಲೋ ಕೂತ ಹವ್ಯಾಸಿಗಳು ಬರೆದಿಟ್ಟಿದ್ದರು. ಅಂಥದ್ದು ಅಕ್ಕ ಅಂಗಡಿ ಅಂಗಡಿ ಅಲೆದ ದಿನಗಳಲ್ಲೂ ಇತ್ತೋ ಏನೋ. ನಾವು ಕೇಳಿದ ಯಾರೂ ಹೇಳಲಿಲ್ಲ. ಮಗಳು ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು.

ಮೊದಲ ಫೈಲು ತೆರೆದೆ. ಮುಖ ಬಂತು. ಆಮೇಲೆ ಇನ್ನೊಂದು. ಅರ್ಧಕ್ಕರ್ಧ ಡಿವಿಡಿಗಳು ಓದಲು ಬಾರದಂತೆ ಕೆಟ್ಟಿದ್ದವು, ಅಂಚಿನಿಂದ ಪದರು ಎದ್ದಿತ್ತು. ಉಳಿದವುಗಳಲ್ಲಿ ಹುಡುಗರು ಒಬ್ಬರ ಹಿಂದೊಬ್ಬರು ಉಸಿರು ಬಿಟ್ಟ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದರು. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಹೇಳಬಲ್ಲ ಒಬ್ಬರೇ ಒಬ್ಬರು ತೀರಿಹೋಗಿದ್ದರು. ಕಾಶಮ್ಮನ ಮಗನ ತಿಂಗಳಿನ ಡಿವಿಡಿ ಕೆಟ್ಟವುಗಳ ಪೈಕಿ ಇತ್ತು. ಆದರೂ ಅವನು ಹಿಂದೆ ಮುಂದಿನ ತಿಂಗಳುಗಳಲ್ಲೂ ಫೋಟೋಕ್ಕೆ ಬಂದಿದ್ದರೂ ಬಂದಿರಬಹುದು. ಬೋಳು ತಲೆಯ ಆ ಪುಟ್ಟ ಫೋಟೋವನ್ನು ನಾನು ನೋಡಿ ವರ್ಷಗಳಾಗಿದ್ದವು. ಒಮ್ಮೆ ಇವನಿರಬೇಕು ಎನಿಸುವುದು, ಒಮ್ಮೆ ಅವನು. ಕೊನೆಗೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಭಾಲ್ಕಿಯ ಬಸ್ಸು ಹತ್ತಿದೆ.

ಹಳ್ಳಿಯಲ್ಲಿ ಮಿಲಿಟರಿ ಹುಡುಗನ ಮನೆ ಎಂದರೆ ಎಲ್ಲರೂ ತೋರಿಸಿದರು. ಪಟಗದ ಯಜಮಾನರು ತೀರಿಕೊಂಡಿದ್ದರು. ಕಾಶಮ್ಮ ಕಿರಿಯ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದರು. ಅಕ್ಕ ಕೊಟ್ಟ ಡಿವಿಡಿ ದೇವರ ಜಗುಲಿಯ ಮೇಲಿತ್ತು. ದಿನಾ ಹಚ್ಚಿದ ವಿಭೂತಿ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. ಅದನ್ನು ಯಾವ ಯಂತ್ರವೂ ಓದಲಾರದು.

ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ಮುಖ ಸರಿಸಿದೆ. ಕಾಶಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕಿರಿಯ ಮಗ ಹಿಂದೆ ನಿಂತಿದ್ದ. ಬಹಳ ಹೊತ್ತಿನ ನಂತರ, ಟೋಪಿ ತೊಟ್ಟ ಒಬ್ಬ ಹುಡುಗನ ಮೇಲೆ ಆಕೆಯ ಬೆರಳು ಬಿತ್ತು.

“ಇಂವನೇ. ನನ್ನ ಮಗ ಇಂವನೇ ನೋಡ್ರಿ!”

ನಾನು ತಿರುಗಿ ಕಿರಿಯವನ ಮುಖ ನೋಡಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ನೀರು ಕುಡಿಯುವ ನೆಪದಲ್ಲಿ ನನ್ನನ್ನು ಒಳಗೆ ಕರೆದು, ಕಪಾಟಿನಿಂದ ಸೈನ್ಯದವರ ಆ ಪುಟ್ಟ ಫೋಟೋ ತೆಗೆದು ಕೈಗಿಟ್ಟ. ಹೌದು, ಬೇರೆ ಮುಖ. ಕಿವಿ ಬೇರೆ, ಗದ್ದ ಬೇರೆ.

“ಅಣ್ಣ ಅಲ್ರಿ ಅಂವ. ಅವ್ವ ಈ ಫೋಟೋ ನೋಡೂದೇ ಇಲ್ಲ, ಆಕಿಗಿ ಮಾರಿ ಮರ್ತುಹೋಗ್ಯದ. ಹತ್ತು ಮಂದಿ ನಡುವ ಗುರ್ತು ಹಿಡಿಯಾಕ ಏನ್ ಅದ ಆಕಿ ಹತ್ರ?” ಅವನು ಫೋಟೋ ಮರಳಿ ತೆಗೆದುಕೊಂಡು ಕಪಾಟಿನಲ್ಲಿಟ್ಟ. “ನೀವು ಹೇಳ್ತೀರೇನ್ರಿ ಆಕಿಗಿ? ನಂಗ ಆಗೂದಿಲ್ಲ.”

ನನಗೂ ಆಗಲಿಲ್ಲ. ನಾವು ಇಬ್ಬರೂ ಭಾಲ್ಕಿಗೆ ಹೋದೆವು. ಅಲ್ಲಿಯ ಸ್ಟುಡಿಯೋದಲ್ಲಿ ಕೂತು, ಯಾರೋ ಏನೋ ಗೊತ್ತಿಲ್ಲದ ಆ ಹುಡುಗನ ಟೋಪಿಯ ನೆರಳನ್ನು ನಾನೇ ತಿಳಿಮಾಡಿ, ದೊಡ್ಡದಾಗಿ ಪ್ರಿಂಟು ಹಾಕಿಸಿ ಗಾಜಿನ ಕಟ್ಟು ಮಾಡಿಸಿದೆ. ದಾರಿಯಲ್ಲಿ ಅವನು ಕೇಳಿದ.

“ಈ ಹುಡುಗ ಇನ್ನಾ ಜೀವಂತ ಇದ್ದಾನೇನ್ರಿ?”

“ಗೊತ್ತಿಲ್ಲಪಾ” ಎಂದೆ.

ಸಂಜೆ ಫೋಟೋ ಗೋಡೆಗೇರಿತು. ಕಾಶಮ್ಮ ಸೆರಗಿನಿಂದ ಗಾಜು ಒರೆಸಿ ಒರೆಸಿ ನೋಡಿದರು. ಆಕೆಯ ಮುಖದಲ್ಲಿ ಬೆಳಕಿತ್ತು. “ಮೈ ಹಿಡದಾನ ನೋಡ್ರಿ. ಅಲ್ಲಿ ಊಟ ಛಲೋ ಇತ್ತಂತ ಕಾಣ್ತದ” ಎಂದು ಮೊಮ್ಮಗಳನ್ನು ಎತ್ತಿ ತೋರಿಸಿ, “ನಿಮ್ಮ ದೊಡ್ಡಪ್ಪ, ಕೈ ಮುಗಿ” ಎಂದರು. ಸೊಸೆ ನಾವು ಭಾಲ್ಕಿಗೆ ಹೋದಾಗ ಕಟ್ಟಿಟ್ಟ ಚೆಂಡುಹೂವಿನ ಹಾರ ತಂದು ಕೊಟ್ಟಳು.

“ಹಾರ ಬ್ಯಾಡ ಅವ್ವಾ” ಎಂದ ಮಗ.

“ಯಾಕ?”

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

“ಯಾಕೋ? ಸತ್ತ ಮಗಗ ಹಾರ ಹಾಕಬಾರ್ದೇನು?” ಎನ್ನುತ್ತ ಕಾಶಮ್ಮ ತುದಿಗಾಲಲ್ಲಿ ನಿಂತು, ಎರಡೂ ಕೈ ಎತ್ತಿ, ಹಾರ ಹಾಕಿದರು.